ಹೆಲ್ಮೆಟ್ಟಿನೊಳಗೆ ಹೇಳಿದ ಮಾತು

ಹುಡುಗಿಯರ ಹಾಸ್ಟೆಲ್,
ಛತ್ರಪತಿ ಸಂಭಾಜಿನಗರ
೮ ಜನವರಿ ೨೦೨೬

ಅಪ್ಪಾ, ಶರಣು.

ನಾನು ಚೆನ್ನಾಗಿದ್ದೇನೆ. ಪತ್ರ ಹೀಗೇ ಶುರುವಾಗಬೇಕು ಎಂದು ಕಲಿಸಿದವರು ನೀವು, ಅದಕ್ಕೇ ಬರೆದೆ. ಚೆನ್ನಾಗಿದ್ದೇನೋ ಇಲ್ಲವೋ ಎಂಬುದನ್ನು ಕೆಳಗೆ ನೋಡೋಣ. ದೀಪಾವಳಿ ರಜೆಯಿಂದ ಬಂದ ಕೂಡಲೇ ಬರೆಯುತ್ತೇನೆ ಎಂದವಳು ಸಂಕ್ರಾಂತಿ ಬಾಗಿಲಿಗೆ ಬಂದಾಗ ಪೆನ್ನು ಹಿಡಿದಿದ್ದೇನೆ, ಸಿಟ್ಟಾಗಬೇಡಿ. ಪರೀಕ್ಷೆ ಇತ್ತು, ಸಬ್ಮಿಷನ್ ಇತ್ತು, ನಡುವೆ ಶೀತ ಜ್ವರ ಬೇರೆ. ಇವೆಲ್ಲ ನಿಜ, ಆದರೆ ಇವು ಯಾವುವೂ ಕಾರಣವಲ್ಲ.

ದಿನಾ ಫೋನಿನಲ್ಲಿ ಮಾತಾಡುವವರಿಗೆ ಪತ್ರ ಯಾಕೆ ಎಂದು ನನ್ನ ರೂಮ್‌ಮೇಟ್ ಮಹಾಲಕ್ಷ್ಮಿ ಕೇಳಿದಳು. ಉದಗೀರದವಳು, ಕನ್ನಡ ಅರ್ಥವಾಗುತ್ತದೆ, ಮಾತಾಡಲು ನಾಚಿಕೆ. ನಮ್ಮ ಮನೆಯಲ್ಲಿ ಫೋನು ಸುದ್ದಿಗೆ, ಪತ್ರ ಕನ್ನಡಕ್ಕೆ. ಐದನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲ್ ಸ್ಕೂಲಿಗೆ ಹಾಕಿದಾಗಿನಿಂದ ಇದೇ ರೂಲ್ ಎಂದೆ. ನಾನು ಬರೆದದ್ದನ್ನು ನೀವು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸುತ್ತೀರಿ ಎಂದಾಗ ಅವಳು ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. "ತುಝೇ ಬಾಬಾ ಮಾಸ್ತರ್ ಆಹೇತ್ ಕಾ?" ನಿನ್ನಪ್ಪ ಮೇಷ್ಟ್ರಾ ಎಂದು ಕೇಳಿದಳು. ಅಲ್ಲಮ್ಮ, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾರೆ, ತಪ್ಪು ಹುಡುಕುವುದೇ ಅವರ ನೌಕರಿ ಎಂದೆ. ಅಂದ ಮೇಲೆ ನನಗೇ ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂತು.

ಇಲ್ಲಿಯ ಸುದ್ದಿ: ಮೊದಲ ಸೆಮಿಸ್ಟರಿನ ಮಾರ್ಕ್ಸ್ ಬರಬೇಕು. ಡ್ರಾಯಿಂಗ್ ಪೇಪರಿನಲ್ಲಿ ಪೆನ್ಸಿಲಿನ ಮೊನೆ ಮೂರು ಸಲ ಮುರಿಯಿತು. ವೈವಾದಲ್ಲಿ ಸರ್ "ನಿನ್ನ ಹೆಸರೇನು" ಎಂದು ಕೇಳಿದರೆ ರೋಲ್ ನಂಬರ್ ಹೇಳಿದೆ. ಮೆಸ್ಸಿನ ಊಟ ಅಡ್ಡಿಯಿಲ್ಲ. ಬಡಿಸುವ ಮಾವಶಿಯ ಕೈ ದೊಡ್ಡದು. ನಾವು "ಪುರೇ" ಅನ್ನುವವರೆಗೂ ಬೇಳೆಯ ಸೌಟು ನಿಲ್ಲುವುದಿಲ್ಲ. ಸಾಕು ಅನ್ನುವ ಮರಾಠಿಯ ಆ ಮಾತು ಚೆನ್ನಾಗಿದೆ ಅಪ್ಪಾ. ಹಳೆಯ ಸ್ಕೂಲಿನ ಮೆಸ್ಸಿನಲ್ಲೂ ಇದೇ ಇತ್ತು. ಅಲ್ಲಿ ನಾನು ಮೊದಲು ಕಲಿತ ಮರಾಠಿ ಮಾತು ಅದೇ ಇರಬೇಕು. ಒಂದೇ ಮಾತು, ಎದುರಿನ ಕೈ ನಿಂತುಬಿಡುತ್ತದೆ.

ಇನ್ನು ಚೆನ್ನಾಗಿದ್ದೇನೋ ಇಲ್ಲವೋ ಎಂಬ ವಿಷಯ. ಕಾಲೇಜಿಗೆ ಹೋಗುವ ದಾರಿ ಪಾರ್ಕಿಂಗ್ ಪಕ್ಕದಲ್ಲೇ ಇದೆ. ಈಗ ನಾನು ಆ ದಾರಿ ಬಿಟ್ಟು ಲೈಬ್ರರಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತೇನೆ. ಯಾರಾದರೂ ಗಾಡಿ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ಗೋಡೆಗೆ ಸರಿದು ನಿಲ್ಲುತ್ತೇನೆ. ಮೊನ್ನೆ ಕ್ಲಾಸಿನ ಫ್ಯಾನು ಕಟಕಟ ಎಂದಿತು, ಅದರ ಒಂದು ಸ್ಕ್ರೂ ಸಡಿಲಾಗಿದೆ ಎಂದು ನನ್ನ ಕಿವಿಗೆ ಗೊತ್ತಾಯಿತು. ಗಂಟೆಯುದ್ದಕ್ಕೂ ಅದರ ಕೆಳಗೆ ಕುಳಿತ ಹುಡುಗಿಯನ್ನೇ ನೋಡುತ್ತಿದ್ದೆ. ಅಂಜಬುರುಕಿ ಎಂದು ನೀವು ನಗುತ್ತೀರಿ. ನಗಿ. ಚಿಕ್ಕವಳಿದ್ದಾಗ ಹಾಸ್ಟೆಲ್ ರೂಮಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ ಎಂದು ಅತ್ತಾಗ ನೀವು ನನ್ನನ್ನು ಸಮಾಧಾನ ಮಾಡಲಿಲ್ಲ. ವಾರ್ಡನ್‌ರನ್ನು ಕೇಳಿ ಹೊಸ ಬೋಲ್ಟು ಹಾಕಿ ಹೋದಿರಿ. ಅಂದು ಅದು ಸಾಕಾಗಿತ್ತು.

ರಜೆಯಲ್ಲಿ ದಿಂಡೋರಿಯ ಬೈಕ್ ರೇಸಿನಲ್ಲಿ ಆದದ್ದನ್ನು ಬರೆಯುತ್ತೇನೆ. ನೀವು ಅಲ್ಲೇ ಇದ್ದಿರಿ. ಆದರೂ ನೀವಿದ್ದದ್ದು ಹಗ್ಗದ ಆಚೆ, ನಾನು ಈಚೆ.

ದ್ರಾಕ್ಷಿ ತೋಟಗಳ ನಡುವಿನ ಆ ಕೆಂಪು ಮಣ್ಣಿನ ಮೈದಾನ ನನಗೆ ಇಷ್ಟವಿತ್ತು. ಬೆಳಿಗ್ಗೆ ನಾವಿಬ್ಬರೂ ಗಾಡಿಯನ್ನು ಟೆಂಪೋದಿಂದ ಇಳಿಸಿ ನಮ್ಮ ಪೂಜೆ ಮುಗಿಸಿದ್ದೆವು. ಮಹಾಲಕ್ಷ್ಮಿಗೆ ಇದನ್ನು ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಕಾರ್ಖಾನೆಯಲ್ಲಿ ಒಬ್ಬರು ಬಿಗಿದ ನಟ್ಟನ್ನು ಇನ್ನೊಬ್ಬರು ಮುಟ್ಟಿ ನೋಡಿ ಒಪ್ಪಬೇಕು, ಅಲ್ಲಿಯವರೆಗೆ ಕೆಲಸ ಮುಗಿದಂತಲ್ಲ. ನಮ್ಮ ಮನೆಯಲ್ಲಿ ಆ ಇನ್ನೊಬ್ಬಳು ನಾನು. ನೀವು ಪಾನಾ ತಿರುಗಿಸಿ "ಪೂರಾ?" ಅನ್ನುತ್ತೀರಿ. ನಾನು ಬೆರಳಿಂದ ಒತ್ತಿ "ಪೂರಾ" ಅನ್ನುತ್ತೇನೆ. ಆಮೇಲೆ ನೀವು ನಟ್ಟಿನ ಮೇಲಿಂದ ಹಳದಿ ಬಣ್ಣದ ಗೆರೆ ಎಳೆಯುತ್ತೀರಿ. ಗೆರೆ ಮುರಿದರೆ ನಟ್ಟು ತಿರುಗಿದೆ ಎಂದರ್ಥ. ಚಕ್ರದ ಒಂದೊಂದು ಸ್ಪೋಕನ್ನೂ ಪಾನಾದಿಂದ ತಟ್ಟುತ್ತೀರಿ. ಟಿಣ್ ಅಂದರೆ ಸರಿ, ಠಪ್ ಅಂದರೆ ಸಡಿಲು. ಎಲ್ಲ ಮುಗಿದ ಮೇಲೆ ಕೊನೆಯ ನಟ್ಟು ನಾನೇ. ನನ್ನ ಹೆಲ್ಮೆಟ್ಟಿನ ಮೇಲೆ ಬೆರಳಿಂದ ತಟ್ಟಿ "ಪೂರಾ?" ಎಂದು ಕೇಳುತ್ತೀರಿ. ನಾನು "ಪೂರಾ ಅಪ್ಪಾ" ಅನ್ನದೆ ನೀವು ಗಾಡಿಯ ಹ್ಯಾಂಡಲ್ ಬಿಡುವುದಿಲ್ಲ.

ಅಂದು ರೇಸಿನಲ್ಲಿ ನನ್ನ ಮುಂದಿನ ಗಾಡಿಯ ಮೇಲೆ ಅಕ್ಷಯ ಇದ್ದ. ಕೊನೆಯ ತಿರುವಿಗೆ ಮುಂಚಿನ ಉಬ್ಬಿನಲ್ಲಿ ಅವನ ಗಾಡಿಯ ಚೈನು ಕಡಿದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಗಾಡಿ ಒಂದು ಕಡೆ ಹಾರಿತು, ಅವನು ಒಂದು ಕಡೆ. ಅವನು ಬಿದ್ದದ್ದು ನನ್ನ ದಾರಿಯಲ್ಲೇ. ಧೂಳಿನಲ್ಲಿ ಅವನ ಹಳದಿ ಕೈಗವಸು ಕಂಡಿತು. ಮರುಕ್ಷಣ ನಾನು ಆಚೆ ಇದ್ದೆ, ಅವನು ನನ್ನ ಹಿಂದೆ ಇದ್ದ, ಬದುಕಿದ್ದ, ಕೂಗುತ್ತಿದ್ದ.

ಅಕ್ಷಯನ ಭುಜದ ಎಲುಬು ಮುರಿದಿತ್ತು. ಅವನನ್ನು ಕಾರಿಗೆ ಹತ್ತಿಸಿದ ಮೇಲೆ ನೀವೂ ಸಾತಪುರ ಬ್ಯಾಂಕಿನ ನರಹರಿ ಅಂಕಲ್ಲೂ ನನ್ನ ಗಾಡಿಯ ಎರಡು ಕಡೆ ನಿಂತು, ರೇಸಿನಲ್ಲಿ ಎಂಬತ್ತು ಭಾಗ ಗಾಡಿಯದೋ ಓಡಿಸುವವರದೋ ಎಂಬ ನಿಮ್ಮ ಹಳೆಯ ಜಗಳ ಶುರು ಮಾಡಿದಿರಿ.

"ಬ್ರೇಕ್ ನೋಡ್ರಿ ಸಾಹೇಬ್ರ, ಹೆಂಗ ಹಿಡದದ! ಆ ಹುಡುಗನ ಗಾಡಿ ಚೈನ್ ನೋಡೀರಿ? ಜಂಗ್ ಹಿಡದಿತ್ತು. ತಯಾರಿ ಇಲ್ಲದ ಗಾಡಿ ಯಮನ ಕ್ವಾಣ ಇದ್ದಂಗ."

"ಅಯ್ಯೋ, ಬ್ರೇಕಂತೆ! ಹುಡುಗಿ ಕಣ್ಣು ನೋಡ್ರೀ ಸ್ವಾಮಿ. ಗ್ಯಾಪ್ ಎಲ್ಲಿದೆ ಅಂತ ನೋಡ್ಕೊಂಡು ನುಗ್ಗಿಸಿದಾಳೆ. ಅದು ಕೈಯಲ್ಲಿರೋ ವಿದ್ಯೆ. ನಿಮ್ಮ ಗಾಡಿ ಮೇಲೆ ನನ್ನ ಕೂರಿಸಿ, ಕೊನೇಲಿ ಬರ್ತೀನಿ ಬೇಕಾದ್ರೆ," ಎಂದರು ಅಂಕಲ್.

"ಕೊನೀಗಿ ಬರ್ತೀರಿ. ಆದ್ರ ಬರ್ತೀರಿ. ಮನಿಗಿ ಬರ್ತೀರಿ," ಎಂದಿರಿ ನೀವು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಹಲ್ಲು ಕಟಕಟ ಅನ್ನುತ್ತಿದ್ದದ್ದು ಚಳಿಗೆ ಎಂದುಕೊಂಡು ನೀವು ನಿಮ್ಮ ಸ್ವೆಟರ್ ಹೊದಿಸಿದಿರಿ. ಅಂದು ಏನಾಯಿತು ಎಂಬುದನ್ನು ನೀವಿಬ್ಬರೂ ಹೇಳಿದಿರಿ. ನನ್ನನ್ನು ಯಾರೂ ಕೇಳಲಿಲ್ಲ.

ಈಗ ಹದಿನೆಂಟರ ಭಾನುವಾರ ಇದೇ ಊರಿನಲ್ಲಿ ರೇಸ್ ಇದೆ, ಹೆಸರು ಕೊಟ್ಟಿದ್ದೇನೆ, ಗಾಡಿ ತರುತ್ತೇನೆ ಎಂದು ನೀವು ಫೋನಿನಲ್ಲಿ ಹೇಳಿದಿರಿ. ನಿಮ್ಮ ದನಿಯಲ್ಲಿ ಅಷ್ಟು ಖುಷಿ ಇತ್ತು. ನಾನು ಹೂಂ ಎಂದೆ. ಹೂಂ ಬಿಟ್ಟು ಬೇರೆ ಹೇಳಲು ನನಗೆ ದೈರ್ಯ ಇಲ್ಲ.

ಅಜ್ಜಿಗೆ ನನ್ನ ಶರಣು. ಅಮ್ಮನಿಗೆ ಲಾತೂರಿಗೆ ಬೇರೆಯಾಗಿ ಬರೆಯುತ್ತೇನೆ, ಬ್ಯಾಂಕಿನವರು ಅವಳನ್ನು ಯಾವಾಗ ನಾಸಿಕಕ್ಕೆ ವಾಪಸು ಹಾಕುತ್ತಾರೋ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಹೆಲ್ಮೆಟ್ ಹಾಕುವ ಮೊದಲೇ.

ನಿಮ್ಮ ಅಂಜಬುರುಕಿ,
ಶರ್ವಾಣಿ

ತಾ.ಕ.: ಗಾಡಿಯಲ್ಲಿ ಏನೋ ಸರಿ ಇಲ್ಲ ಅನಿಸುತ್ತದೆ ಅಪ್ಪಾ. ಎಲ್ಲಿ ಎಂದು ಗೊತ್ತಿಲ್ಲ. ತರುವ ಮೊದಲು ಒಮ್ಮೆ ಪೂರ್ತಿ ಬಿಚ್ಚಿ ನೋಡುತ್ತೀರಾ? ಏನಾದರೂ ಸಿಕ್ಕರೆ ಈ ಸಲ ಬಿಟ್ಟುಬಿಡೋಣ. ಸಿಗದಿದ್ದರೂ ಸಿಕ್ಕಿತು ಅನ್ನಿ.


ಛತ್ರಪತಿ ಸಂಭಾಜಿನಗರ
೨೦ ಜನವರಿ ೨೦೨೬

ಅಪ್ಪಾ, ಶರಣು.

ಇನ್ನೂ ನಿಮ್ಮ ಟೆಂಪೋದ ಧೂಳು ಅಡಗಿಲ್ಲ, ಮತ್ತೆ ಪತ್ರವೇ ಎಂದು ಆಶ್ಚರ್ಯಪಡುತ್ತೀರಿ. ಈ ಸಲ ತಡ ಮಾಡಿದರೆ ಬರೆಯುವುದೇ ಇಲ್ಲ ಎಂದು ಗೊತ್ತು. ನೀವು ಕ್ಷೇಮವಾಗಿ ಮುಟ್ಟಿದ್ದು ತಿಳಿಯಿತು. ಅಜ್ಜಿ ಕಳಿಸಿದ ಎಳ್ಳುಂಡೆ ರೂಮಿನಲ್ಲಿ ಒಂದೇ ದಿನಕ್ಕೆ ಖಾಲಿ. ಮಹಾಲಕ್ಷ್ಮಿ ನಾಲ್ಕು ತಿಂದು, "ಗೋಡ್ ಗೋಡ್ ಬೋಲಾಯಚಂ ಆತಾ," ಸಿಹಿಸಿಹಿ ಮಾತಾಡಬೇಕಿನ್ನು ಎಂದಳು. ನಾನು ಬರೆಯುವುದು ಅಷ್ಟು ಸಿಹಿಯಾಗಿಲ್ಲ. ಕ್ಷಮಿಸಿ.

ಭಾನುವಾರ ಮೈದಾನದಲ್ಲಿ ನಿಮ್ಮ ಟೆಂಪೋ ಕಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದೆ. ಆದರೂ ಒಂದು ಆಸೆ ಇತ್ತು. ನೀವು ಇಳಿದು ಬಂದು, "ಇಲ್ಲವ್ವಾ, ಗಾಡಿ ಆಗೂದಿಲ್ಲ ಈ ಸಲ," ಎನ್ನುತ್ತೀರಿ. ನಾನು ಬೇಜಾರಾದವಳಂತೆ ಮುಖ ಮಾಡುತ್ತೇನೆ. ಇಬ್ಬರೂ ಹೋಗಿ ಮಿಸಳ್ ತಿನ್ನುತ್ತೇವೆ. ಆ ಮುಖವನ್ನು ಕನ್ನಡಿಯ ಮುಂದೆ ಪ್ರಾಕ್ಟೀಸ್ ಕೂಡ ಮಾಡಿದ್ದೆ.

ನೀವು ಓಡುತ್ತಾ ಬಂದಿರಿ. ಓಡುತ್ತಾ! ಕೈಯಲ್ಲಿ ನನ್ನ ಪತ್ರ.

"ಶರ್ವೂ, ಸಿಕ್ತು! ನೀ ಅಂದಿದ್ದು ಖರೇ ಆತು ನೋಡು. ಫುಟ್‌ರೆಸ್ಟ್ ಬುಡದಾಗ ಕೂದಲಷ್ಟು ಬಿರುಕು. ಕೂದಲಷ್ಟು! ನಾ ಎಷ್ಟು ಸಲ ವರಸೀನಿ ಅಲ್ಲಿ, ನನ್ನ ಕಣ್ಣಿಗಿ ಬಿದ್ದಿಲ್ಲ. ನಿನ್ನ ಕಾಲಿಗಿ ಗೊತ್ತಾಗ್ಯಾದ!"

ನಿಮ್ಮ ಹಿಂದೆಯೇ ಬಂದ ನರಹರಿ ಅಂಕಲ್ ಚಪ್ಪಾಳೆ ತಟ್ಟಿದರು. "ಇದೇ ಕಣ್ರೀ ನಾನು ಬಡ್ಕೊಂಡಿದ್ದು! ರೈಡರ್ ಅಂದ್ರೆ ಇದು. ನಿಮ್ಮ ಇನ್‌ಸ್ಪೆಕ್ಷನ್ ಸೋತಿತು ಶಿವಕಾಂತ್, ಒಪ್ಕೊಳಿ."

"ಒಪ್ಪದೆ ಏನ್ರಿ. ನನ್ನ ಮಗಳ ಕೈಲಿ ಸೋಲೂದಂದ್ರ ಗೆದ್ದಂಗೇ."

ನೀವಿಬ್ಬರೂ ಒಂದೇ ಮಾತಿಗೆ ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಬಿರುಕನ್ನು ಶನಿವಾರವೇ ವೆಲ್ಡ್ ಮಾಡಿಸಿ, ಉಜ್ಜಿ, ಬಣ್ಣ ಹಚ್ಚಿ ತಂದಿದ್ದಿರಿ. ನಾನು ಬೇಡಿದ್ದು ಒಂದು ದೋಷ. ನೀವು ಅದನ್ನು ಹುಡುಕಿದಿರಿ, ಸರಿ ಮಾಡಿದಿರಿ, ನನಗೆ ಉಡುಗೊರೆ ಕೊಟ್ಟಿರಿ.

ಇನ್ನೊಂದು ಹೆದರಿಕೆ ಆಗ ಹುಟ್ಟಿತು. ಆ ಬಿರುಕು ನಿಜವಾಗಿಯೂ ಇತ್ತಲ್ಲ ಅಪ್ಪಾ. ನನ್ನ ಕಾಲಿಗೆ ಏನೂ ಗೊತ್ತಾಗಿರಲಿಲ್ಲ, ನಾನು ಬರೆದದ್ದು ಸುಳ್ಳು ನೆಪ. ನೆಪ ಹೇಳದಿದ್ದರೆ ನೀವು ಬಿಚ್ಚುತ್ತಿರಲಿಲ್ಲ. ನಾನು ಆ ಫುಟ್‌ರೆಸ್ಟ್ ಮೇಲೆ ನಿಂತು ಉಬ್ಬಿನಿಂದ ಹಾರುತ್ತಿದ್ದೆ. ಹೆದರಿಕೆಯೇ ನನ್ನನ್ನು ಉಳಿಸಿತು ಅನ್ನಬೇಕೇ? ಹಾಗಾದರೆ ನನಗೆ ಗೊತ್ತಿಲ್ಲದೆ ಇನ್ನೂ ಎಲ್ಲೆಲ್ಲಿ ಏನೇನು ಬಿರಿದಿದೆ?

ಪತ್ರವನ್ನು ನನ್ನ ಕೈಗೆ ಕೊಟ್ಟಿರಿ. ಯಥಾಪ್ರಕಾರ ಕೆಂಪು ಪೆನ್ನು. "ದೈರ್ಯ" ಎಂದು ಬರೆದಿದ್ದೆನಲ್ಲ, ಆ ದ ಅಕ್ಷರದ ಹೊಟ್ಟೆ ಸೀಳಿ ಧ ಮಾಡಿದ್ದಿರಿ. ಪಕ್ಕದಲ್ಲಿ, "ಎಷ್ಟು ಸಲ ಹೇಳಬೇಕು?" ಕೊನೆಗೆ, ಸಿಗದಿದ್ದರೂ ಸಿಕ್ಕಿತು ಅನ್ನಿ ಎಂಬ ಸಾಲಿನ ಮುಂದೆ ದೊಡ್ಡದಾಗಿ, "ಸಿಕ್ಕಿತು!!" ನಿಮ್ಮ ಪ್ರೀತಿ ನನಗೆ ತಿಳಿಯುವುದಿಲ್ಲ ಎಂದಲ್ಲ. ನನ್ನ ಧೈರ್ಯವನ್ನು ನೀವು ಅಷ್ಟು ಚೆಂದ ತಿದ್ದಿ ಕೊಟ್ಟಿದ್ದಿರಿ, ಈಗ ಅದರಲ್ಲಿ ಒಂದೂ ತಪ್ಪಿರಲಿಲ್ಲ. ಅದು ಇಲ್ಲ ಎಂದು ನಾನು ಬರೆದದ್ದು ಮಾತ್ರ ಹಾಗೇ ಉಳಿದಿತ್ತು.

ಆಮೇಲೆ ನಮ್ಮ ಪೂಜೆ. ನೀವು "ಪೂರಾ?" ಅಂದಿರಿ, ನಾನು ಮುಟ್ಟಿ ಮುಟ್ಟಿ "ಪೂರಾ" ಅಂದೆ. ಹಿಂದಿನ ಆಕ್ಸಲ್, ಮುಂದಿನ ಆಕ್ಸಲ್, ಬ್ರೇಕು, ಹ್ಯಾಂಡಲ್. ಸ್ಪೋಕ್‌ಗಳೆಲ್ಲ ಟಿಣ್ ಟಿಣ್ ಎಂದವು. ಗಾಡಿ ಅಷ್ಟು ಸರಿಯಾಗಿತ್ತು ಎಂದರೆ ಅದರಲ್ಲಿ ಅಡಗಿಕೊಳ್ಳಲು ನನಗೆ ಜಾಗವೇ ಇರಲಿಲ್ಲ. ಅಕ್ಷಯನಿಗೆ ತುಕ್ಕು ಹಿಡಿದ ಚೈನು ಇತ್ತು, ಜನ ಅದನ್ನು ಬೈದರು, ಅವನನ್ನು ಬೈಯಲಿಲ್ಲ. ನನ್ನ ಗಾಡಿಯಲ್ಲಿ ಬೈಯಲು ಏನೂ ಇಲ್ಲ.

ಸಾಲಿನಲ್ಲಿ ನಿಂತಾಗ ನನ್ನ ಎಡಕ್ಕೂ ಬಲಕ್ಕೂ ಹುಡುಗರು. ಎಡಗಡೆಯವನು, "ಬಾಪಾಚೀ ಗಾಡೀ ಆಲೀ ರೇ," ಅಪ್ಪನ ಗಾಡಿ ಬಂತು ನೋಡ್ರೋ ಎಂದ. ಬಲಗಡೆಯವನು, "ಗಾಡೀ ನಾಹೀ ರೇ, ಪೋರಗೀ ಡೇಂಜರ್ ಆಹೇ," ಗಾಡಿಯಲ್ಲ, ಹುಡುಗಿಯೇ ಡೇಂಜರ್ ಎಂದ. ನಿಮ್ಮ ಮತ್ತು ನರಹರಿ ಅಂಕಲ್ಲರ ಜಗಳ ಅಲ್ಲಿಯೂ ನನ್ನನ್ನು ಬಿಡಲಿಲ್ಲ. ಎಲ್ಲ ಗಾಡಿಗಳೂ ಒಮ್ಮೆಲೇ ಗುಡುಗತೊಡಗಿದವು. ನೀವು ನನ್ನ ಹೆಲ್ಮೆಟ್ ತಟ್ಟಿದಿರಿ, ಬಗ್ಗಿ ಕೇಳಿದಿರಿ. ನಾನು ಹೇಳಿದೆ. ನೀವು ಹ್ಯಾಂಡಲ್ ಬಿಟ್ಟು, ಹೆಬ್ಬೆರಳು ಎತ್ತಿ, ಹಿಂದೆ ಸರಿದಿರಿ. ಬಾವುಟ ಬಿತ್ತು.

ಎರಡನೆಯವಳಾಗಿ ಬಂದೆ. ಅದು ನಿಮಗೆ ಗೊತ್ತು, ಓಝರ್ ಟೌನ್‌ಶಿಪ್ಪಿನ ಪ್ರತಿ ಮನೆಗೂ ಗೊತ್ತಾಗಿದೆ ಎಂದು ಅಜ್ಜಿ ಫೋನಿನಲ್ಲಿ ಹೇಳಿದಳು. ನಿಮಗೆ ಗೊತ್ತಿಲ್ಲದ್ದು ಒಳಗಿನದು. ಪ್ರತಿ ಉಬ್ಬಿಗೂ ಆ ಹಳದಿ ಕೈಗವಸು ಬಿದ್ದಿದೆ ಎಂದೇ ನನಗೆ ಕಾಣುತ್ತಿತ್ತು. ವೇಗವಾಗಿ ಓಡಿಸಿದೆ ಎಂದಿರಿ. ಹೌದು. ಮುಗಿದರೆ ಇಳಿಯಬಹುದಲ್ಲ ಎಂಬ ಒಂದೇ ಕಾರಣಕ್ಕೆ ಓಡಿಸಿದೆ. ಇಳಿದವಳು ಟೆಂಪೋದ ಹಿಂದೆ ಹೋಗಿ ವಾಂತಿ ಮಾಡಿದೆ. ಈ ಕಡೆ ನೀವು ಅಳುತ್ತಿದ್ದಿರಿ. ನಿಮ್ಮ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಬಾಯಿ ತೊಳೆದುಕೊಂಡು ಬಂದು ನಕ್ಕೆ.

ಅಕ್ಷಯ ಬಂದಿದ್ದ, ಇನ್ನೂ ಕೈಯನ್ನು ಕೊರಳಿಗೆ ಕಟ್ಟಿಕೊಂಡು. ಎಲ್ಲರೂ ನಿಮ್ಮ ಸುತ್ತ ನಿಂತು ಎಂಬತ್ತು ಭಾಗ ಗಾಡಿಯೋ ಎಂಬತ್ತು ಭಾಗ ಹುಡುಗಿಯೋ ಎಂದು ಕೂಗಾಡುತ್ತಿದ್ದಾಗ ಅವನು ನನ್ನ ಬದಿಗೆ ನಿಂತು, "ಭೀತೀ ವಾಟಲೀ ಕಾ ಗ?" ಎಂದ. ಹೆದರಿಕೆಯಾಯಿತಾ ಎಂದು. ದಿಂಡೋರಿ ಆದ ಮೇಲೆ ಇದನ್ನು ಕೇಳಿದವನು ಅವನೊಬ್ಬನೇ. "ಚಲ್, ಕಾಹೀತರೀಚ್," ಏನೇನೋ ಹೇಳಬೇಡ ಹೋಗು ಎಂದೆ. ಅವನು ನಗಲಿಲ್ಲ. ಈಗ ತನಗೆ ತಂಗಿಯ ಸ್ಕೂಟಿಯ ಹಿಂದೆ ಕೂರಲೂ ಆಗುವುದಿಲ್ಲ, ಕೂತರೆ ಅವಳ ಬ್ಯಾಗ್ ಹಿಡಿದುಕೊಳ್ಳುತ್ತೇನೆ, ಅವಳು ಬೈಯುತ್ತಾಳೆ ಎಂದ. ಅಷ್ಟು ದೊಡ್ಡ ಹುಡುಗ, ಅಷ್ಟು ಸಲೀಸಾಗಿ ಹೇಳಿದ. ನನಗೆ ಹೊಟ್ಟೆಕಿಚ್ಚಾಯಿತು.

ಹಾಗಾಗಿ ದಿಂಡೋರಿಯ ಮಾತನ್ನು ಈಗ ಪೂರ್ತಿ ಬರೆಯುತ್ತೇನೆ. ನೀವು ಬ್ರೇಕ್ ಹಿಡಿಯಿತು ಎಂದಿರಿ. ನನ್ನ ಬೆರಳು ಬ್ರೇಕ್ ಮುಟ್ಟಲೇ ಇಲ್ಲ. ನರಹರಿ ಅಂಕಲ್ ಹುಡುಗಿಯ ಕಣ್ಣು ನೋಡಿ ಎಂದರು. ನನ್ನ ಕಣ್ಣು ಮುಚ್ಚಿತ್ತು ಅಪ್ಪಾ. ಕೈಗವಸು ಕಂಡಿತು, ನಾನು ಕಣ್ಣು ಮುಚ್ಚಿದೆ, ತೆರೆದಾಗ ಆಚೆ ಇದ್ದೆ. ಗಾಡಿಯ ತಯಾರಿಯೂ ಅಲ್ಲ, ನನ್ನ ಕೈಯ ವಿದ್ಯೆಯೂ ಅಲ್ಲ. ಏನೂ ಅಲ್ಲ. ಒಂದು ಗೇಣು ಈಚೆ ಇದ್ದಿದ್ದರೆ ಅಕ್ಷಯ ಇರುತ್ತಿರಲಿಲ್ಲ. ನೀವಿಬ್ಬರೂ ಹಂಚಿಕೊಂಡ ಆ ನೂರು ಭಾಗದಲ್ಲಿ ಇದಕ್ಕೆ ಒಂದು ಭಾಗವೂ ಇಲ್ಲ. ನನಗೆ ಹೆದರಿಕೆ ಇರುವುದು ಇದರದೇ. ಇದಕ್ಕೆ ಹಳದಿ ಗೆರೆ ಎಳೆಯಲು ಬರುವುದಿಲ್ಲ.

ಹೊರಡುವಾಗ ಟೆಂಪೋದ ಕಿಟಕಿಯಿಂದ, "ಫೆಬ್ರವರಿಗಿ ನಾಶಿಕದಾಗ ದೊಡ್ಡ ರೇಸ್ ಅದ, ನಾಳೀನೇ ಹೆಸರು ಕೊಡ್ತೀನಿ," ಎಂದು ಕೂಗಿದಿರಿ. ನಾನು ಕೈ ಬೀಸಿದೆ. ಅದು ಹೂಂ ಅಲ್ಲ. ಟಾಟಾ ಅಷ್ಟೇ. ಹೆಸರು ಕೊಡಬೇಡಿ ಅಪ್ಪಾ. ಕೊಟ್ಟಿದ್ದರೆ ವಾಪಸು ತೆಗೆದುಕೊಳ್ಳಿ. ನರಹರಿ ಅಂಕಲ್ ಕೇಳಿದರೆ ಗಾಡಿ ಸರಿ ಇಲ್ಲ ಅನ್ನಬೇಡಿ. ಗಾಡಿ ಸರಿ ಇದೆ, ಮಗಳು ಹೆದರಿದ್ದಾಳೆ ಅನ್ನಿ. ನಿಮ್ಮ ಕೆಲಸಕ್ಕೆ ನನ್ನಿಂದ ಕೆಟ್ಟ ಹೆಸರು ಬರಬಾರದು.

ಅಜ್ಜಿಗೆ ಎಳ್ಳುಂಡೆ ಚೆನ್ನಾಗಿತ್ತು ಎಂದು ಹೇಳಿ. ಸಿಟ್ಟು ಬಂದರೆ ಬರಲಿ, ಆದರೆ ಅದರ ಕೆಳಗೆ ನನ್ನ ಮೇಲಿನ ಪ್ರೀತಿ ಮೊದಲಿದ್ದಷ್ಟೇ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಬೇರೆ ಆಶೀರ್ವಾದ ಬೇಡ.

ನಿಮ್ಮ ಮಗಳು,
ಶರ್ವಾಣಿ

ತಾ.ಕ.: ಇದನ್ನು ಪತ್ರದೊಳಗೆ ಬರೆಯಲು ಮೂರು ಹಾಳೆ ಹರಿದೆ. ಸಾಲಿನಲ್ಲಿ ನಿಂತಾಗ ನೀವು "ಪೂರಾ?" ಎಂದು ಕೇಳಿದಿರಿ. ನಾನು ಹೇಳಿದ್ದು "ಪೂರಾ ಅಪ್ಪಾ" ಎಂದಲ್ಲ. "ಪುರೇ ಅಪ್ಪಾ" ಎಂದೆ. ಮೆಸ್ಸಿನಲ್ಲಿ ಹೇಳುತ್ತೇವಲ್ಲ, ಆ ಪುರೇ. ಕನ್ನಡದಲ್ಲಿ ಸಾಕು ಅನ್ನಬೇಕಿತ್ತು, ಹೆದರಿಕೆಗೆ ಹಾಸ್ಟೆಲಿನ ಮಾತೇ ಮೊದಲು ಬಾಯಿಗೆ ಬಂತು. ನಿಮ್ಮ ಕೈ ನಿಲ್ಲುತ್ತದೆ ಎಂದುಕೊಂಡೆ. ಅಷ್ಟು ಗದ್ದಲ, ಮೇಲೆ ಹೆಲ್ಮೆಟ್, ನಿಮಗೆ ಬೇಕಾದ ಮಾತು ನಿಮಗೆ ಕೇಳಿಸಿತು. ನಿಮ್ಮ ತಪ್ಪಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆ. ಹತ್ತು ವರ್ಷದವಳಿದ್ದಾಗಿನಿಂದ ರಜೆಗೆ ಮಾತ್ರ ಮನೆಗೆ ಬಂದವಳು ನಾನು. ನಾವಿಬ್ಬರೂ ಮಾತಾಡಿದ್ದೆಲ್ಲ ಆ ಗಾಡಿಯ ಎರಡು ಬದಿಗೆ ಕೂತು. ಅದು ನಡುವೆ ಇಲ್ಲದಿದ್ದರೆ ನೀವು ನನ್ನ ಹತ್ತಿರ ಏನು ಮಾತಾಡುತ್ತೀರಿ, ನಾನು ನಿಮಗೆ ಯಾರು, ನನಗೆ ತಿಳಿಯುತ್ತಿಲ್ಲ. ಬರುವ ಭಾನುವಾರ ಬನ್ನಿ ಅಪ್ಪಾ. ಟೆಂಪೋ ಬೇಡ, ಎಸ್‌ಟಿ ಬಸ್ಸಿನಲ್ಲಿ ಬನ್ನಿ. ಪಾನಾ ತರಬೇಡಿ, ಕೆಂಪು ಪೆನ್ನೂ ತರಬೇಡಿ. ಬಂದು, ನನ್ನ ಬರಿತಲೆ ತಟ್ಟಿ, ಇನ್ನೊಂದು ಸಲ ಕೇಳಿ.